ಮಿರು ಅಂಗಡಿಯ ಕೊಸರಜ್ಜಿ

ಜಿಂಜು
ಅಕ್ಟೋಬರ್ ೧೧, ೧೯೯೩

ಓಕ್‌ಬುನ್ ಅಕ್ಕನಿಗೆ,

ನಾನು ಬಸ್ಸು ಹತ್ತುವಾಗ ನೀನು ತಲೆ ಎತ್ತಲಿಲ್ಲ. ತೋಫು ಕತ್ತರಿಸುತ್ತಲೇ ಇದ್ದೆ. ನಿನ್ನ ಮುಂದೆ ಆಗ ಗಿರಾಕಿ ಒಬ್ಬರೂ ಇರಲಿಲ್ಲ, ನಾನು ನೋಡಿದೆ. ಸಮ್‌ಚೊನ್‌ಪೊ ಮಾರುಕಟ್ಟೆಯಲ್ಲಿ ಒಂದೇ ತಾಡಪಾಲಿನ ಕೆಳಗೆ ಇಷ್ಟು ವರ್ಷ ಕೂತವರು ನಾವು, ನಿನ್ನ ಮುನಿಸು ನನಗೇನೂ ಹೊಸದಲ್ಲ. ಅದಕ್ಕೇ ಮೊದಲ ಕಾಗದ ನಾನೇ ಬರೆಯುತ್ತಿದ್ದೇನೆ.

ಇಲ್ಲಿ ಚೆನ್ನಾಗಿದ್ದೇನೆ. ಮಿರು ಸೂಪರ್ ಮಾರ್ಕೆಟ್ಟಿನ ಬಾಗಿಲ ಒಳಗೆ, ಎಡಗಡೆ, ನನಗೊಂದು ಕುರ್ಚಿ ಹಾಕಿದ್ದಾರೆ. ಕುರ್ಚಿ, ಅಕ್ಕ. ಬೆನ್ನು ಆನಿಸಿಕೊಂಡು ಕೂರುವಂಥದ್ದು. ಕಾಲ ಬಳಿ ಹೀಟರ್ ಇದೆ. ಮುಂದೆ ಸೋಯಾ ಮೊಳಕೆಯ ದೊಡ್ಡ ಬುಟ್ಟಿ. ಹೆಂಗಸರು ಒಳಗೆ ಮೊಳಕೆಯ ಪ್ಯಾಕೆಟ್ಟು ತೆಗೆದುಕೊಂಡು, ದುಡ್ಡು ಕೊಟ್ಟು, ಹೊರಗೆ ಹೋಗುವಾಗ ನನ್ನ ಮುಂದೆ ನಿಲ್ಲುತ್ತಾರೆ. ನಾನು ಬುಟ್ಟಿಯಿಂದ ಒಂದು ಹಿಡಿ ತೆಗೆದು ಅವರ ಚೀಲಕ್ಕೆ ಹಾಕುತ್ತೇನೆ. ಅಷ್ಟೇ ಕೆಲಸ. ತೂಗುವುದಿಲ್ಲ, ಚೌಕಾಸಿ ಇಲ್ಲ, ಬರೀ ಕೊಸರು ಕೊಡುವುದು.

ಬೇಸಿಗೆಯಲ್ಲಿ ಬೂದು ಕೋಟಿನವನೊಬ್ಬ ಬಂದು ಬಂದು ನನ್ನ ಹತ್ತಿರ ಮೊಳಕೆ ಕೊಳ್ಳುತ್ತಿದ್ದ, ನೆನಪಿದೆಯಾ? "ಇವನ ಹೆಂಡ್ತಿ ಮನೇಲಿ ಬೇರೇನೂ ಬೇಯ್ಸಲ್ವೇನೇ" ಎಂದು ನೀನು ಕಿಸಕ್ಕನೆ ನಕ್ಕಿದ್ದೆ. ಅವರೇ ಈ ಅಂಗಡಿಗಳ ಯಜಮಾನರು, ಪ್ಯೊ ಅವರು. ನೋಡುತ್ತಿದ್ದದ್ದು ನನ್ನ ಕೈಯನ್ನಂತೆ.

"ನಮ್ಮಲ್ಲಿ ಬೆಲೆ ಕಮ್ಮಿ ಅಮ್ಮಾ, ಜಾಗ ಚೊಕ್ಕಟ, ತೂಕದಲ್ಲಿ ಮೋಸ ಇಲ್ಲ" ಎಂದರು. "ಆದ್ರೂ ಹೆಂಗಸ್ರು ದುಡ್ಡು ಕೊಟ್ಟಾದ್ಮೇಲೂ ಚೀಲ ಹಿಡ್ಕೊಂಡು ಒಂದ್ ಗಳಿಗೆ ನಿಂತ್ಕೊಂತಾರೆ. ಏನಮ್ಮಾ ಬೇಕು ಅಂದ್ರೆ ಏನಿಲ್ಲ ಅಂತಾರೆ. ಮುಖ ಸಣ್ಣಗ್ ಮಾಡ್ಕೊಂಡು ಹೋಗ್ತಾರೆ. ಅವ್ರು ಕೊಸರು ಕಾಯ್ತಿದಾರೆ ಅಂತ ತಿಳ್ಕೊಳ್ಳೋಕೆ ನಂಗೆ ಇಷ್ಟು ವರ್ಷ ಬೇಕಾಯ್ತು ನೋಡಿ."

ನನ್ನನ್ನು ಹುಡುಕಿಕೊಂಡು ಯಾರೂ ಯಾವತ್ತೂ ಬಂದವರಲ್ಲ, ಅಕ್ಕ. ಐದನೆಯ ಹೆಣ್ಣಾಗಿ ಹುಟ್ಟಿದೆ, ಇನ್ನು ಸಾಕು, ಇವಳೇ ಕೊನೆ ಎಂದು ಮಲ್ಸುನ್ ಅಂತ ಹೆಸರಿಟ್ಟರು. ಮನೆಯಲ್ಲಿ ನಾನೇ ಒಂದು ಕೊಸರು. ನೀನು ಸಿಟ್ಟು ಬಿಟ್ಟು ಒಂದು ಸಲ ಬಂದು ನನ್ನ ಕುರ್ಚಿ ನೋಡು.

ನಿನ್ನ
ಮಲ್ಸುನ್


ಸಮ್‌ಚೊನ್‌ಪೊ
ನವೆಂಬರ್ ೨೮, ೧೯೯೩

ಮಲ್ಸುನ್‌ಗೆ,

ತಲೆ ಎತ್ತಲಿಲ್ಲ, ನಿಜ. ಅಳುತ್ತಾ ಕತ್ತರಿಸಿದರೆ ತೋಫು ಸೊಟ್ಟಗಾಗುತ್ತದೆ, ಅದಕ್ಕೇ ಚಾಕುವಿನ ಮೇಲೆ ಕಣ್ಣಿಟ್ಟಿದ್ದೆ. ಈಗ ಗೊತ್ತಾಯಿತಲ್ಲ, ಇನ್ನು ಆ ಮಾತು ಬೇಡ.

ಕಿಮ್ಚಿ ಹಾಕುವ ಕಾಲ. ಮಾರುಕಟ್ಟೆಯ ತುಂಬ ಎಲೆಕೋಸು. ನಿನ್ನ ಜಾಗಕ್ಕೆ ಒಣಮೀನಿನವಳು ಮೊನ್ನೆಯಿಂದಲೇ ಕಾಲು ಚಾಚಲು ಶುರು ಮಾಡಿದ್ದಳು. ನಾನು ಅಲ್ಲಿ ನನ್ನ ದೊಡ್ಡ ಬಾನಿಯನ್ನು ಬೋರಲು ಹಾಕಿದ್ದೇನೆ. "ಯಾರದೇ ಇದು" ಎಂದಳು. "ಮಲ್ಸುನ್‌ದು. ಒಂಚೂರು ಹೊರಗ್ ಹೋಗವ್ಳೆ, ಬರ್ತಾಳೆ" ಎಂದೆ. ನೀನು ಬರುವತನಕ ಅದು ಅಲ್ಲೇ ಇರುತ್ತದೆ.

ನಿನ್ನ ಹಳೆಯ ಗಿರಾಕಿ ಗು ಅಜ್ಜಿ ದಿನಾ ಬಂದು ನಿನ್ನನ್ನು ಕೇಳುತ್ತಾಳೆ. ಅವಳಿಗೆ ಈಗ ಕಣ್ಣು ಅರ್ಧಕ್ಕರ್ಧ ಕಾಣುವುದಿಲ್ಲ. ನಿನ್ನ ಜಾಗದಲ್ಲಿ ನಿಂತು ಚೀಲ ಚಾಚುತ್ತಾಳೆ. ನಾನು ತೋಫುವಿನ ತುಂಡೊಂದು ಹಾಕಿ ಕಳಿಸುತ್ತೇನೆ.

ಒಂದು ಮಾತು ಕೇಳುತ್ತೇನೆ, ಯೋಚಿಸು. ಕೊಸರು ಅಂದರೆ ಮಾರುವವಳು ತನ್ನ ಪಾಲಿನದರಲ್ಲಿ ಕಿತ್ತು ಕೊಡುವುದು. ನೀನು ಮನೆಯಲ್ಲಿ ನೀರು ಹಾಕಿ ಬೆಳೆಸಿದ ಮೊಳಕೆ ನೀನು ಕೊಡುತ್ತಿದ್ದೆ, ಸರಿ. ಈಗ ಮೊಳಕೆ ಅವನದು, ಬುಟ್ಟಿ ಅವನದು, ಕುರ್ಚಿಯೂ ಅವನದು. ಹಾಗಾದರೆ ನೀನು ಕೊಡುತ್ತಿರುವುದು ಯಾರ ಕೊಸರು?

ಕುರ್ಚಿ ನೋಡಲು ಬರಲು ನನಗೆ ಪುರುಸೊತ್ತಿಲ್ಲ. ಬೆನ್ನಿಗೆ ತಣ್ಣಗೆ ಗಾಳಿ ಬಡಿಯದಂತೆ ನೋಡಿಕೋ.

ಓಕ್‌ಬುನ್


ಮಾಸಾನ್
ಸೆಪ್ಟೆಂಬರ್ ೪, ೧೯೯೪

ಅಕ್ಕನಿಗೆ,

ಸುಗ್ಗಿ ಹುಣ್ಣಿಮೆಗೆ ಬರಲಾಗುವುದಿಲ್ಲ. ಹಬ್ಬಕ್ಕೆ ಮೊದಲು ಇಲ್ಲಿ ಹೊಸ ಅಂಗಡಿ ತೆರೆದಿದ್ದಾರೆ. ಹೊಸದು ತೆರೆದಲ್ಲೆಲ್ಲ ಮೊದಲ ಕೆಲವು ತಿಂಗಳು ಬಾಗಿಲಲ್ಲಿ ನಾನೇ ಕೂರಬೇಕಂತೆ. ಪೂಜೆಯ ಮೇಜಿಗೆ ಹಂದಿ ತಲೆ ಇಟ್ಟಿದ್ದರು. ಶುಭಕ್ಕೆ ನಗುವ ಮುಖದ್ದೇ ಬೇಕೆಂದು ಮಾಸಾನಿನ ಕಸಾಯಿಖಾನೆಗಳನ್ನೆಲ್ಲ ಸುತ್ತಿ ತಂದರಂತೆ. ಯಜಮಾನರು ಬಗ್ಗಿ ನಮಸ್ಕರಿಸಿದ ಮೇಲೆ ಎರಡನೆಯ ನಮಸ್ಕಾರಕ್ಕೆ ನನ್ನನ್ನು ಕರೆದರು. ಮ್ಯಾನೇಜರುಗಳೆಲ್ಲ ನನ್ನ ಹಿಂದೆ ನಿಂತಿದ್ದರು. ಮಂಡಿ ನೋವಿತ್ತು, ಆದರೂ ಪೂರ್ತಿ ಬಗ್ಗಿದೆ.

ಊಟದ ಹೊತ್ತಿಗೆ ಯಜಮಾನರು ಎರಡು ಲೋಟ ಏರಿಸಿ ಹಳೆಯ ಕಥೆ ಹೇಳಿದರು. ಯುದ್ಧ ಮುಗಿದ ಮೇಲೆ ಅವರಪ್ಪ ಜಿಂಜುವಿನಲ್ಲಿ ಒಂದು ಮಿರು ಮರದ ಕೆಳಗೆ ಅಕ್ಕಿ ಮಾರುತ್ತಿದ್ದರಂತೆ. ಇವರ ಕೈಗೆ ಅಂಗಡಿ ಬಂದಾಗ ಮುಂದಿನ ಕಟ್ಟೆ ಒಡೆಸಿ, ಕಪಾಟಿನ ಬಾಗಿಲೆಲ್ಲ ಕೀಳಿಸಿ, "ಬೇಕಾದ್ದನ್ನು ನೀವೇ ತೆಗೆದುಕೊಳ್ಳಿ" ಎಂದು ಬೋರ್ಡು ಬರೆಸಿದರಂತೆ. ಮೊದಲ ವಾರ ಯಾರೂ ಏನನ್ನೂ ಮುಟ್ಟಲಿಲ್ಲವಂತೆ. "ಮುಟ್ಟಿದ್ರೆ ಬೈತಾರೇನೋ ಅಂತ ಕೈ ಕಟ್ಕೊಂಡು ನಿಂತಿರೋರು. ನಾನೇ ಒಬ್ಬಾಕೆ ಕೈಗೆ ಉಪ್ಪಿನ ಪೊಟ್ಟಣ ಇಟ್ಟೆ, ಆಮೇಲ್ ನೋಡಿ ಶುರುವಾಗಿದ್ದು" ಎಂದು ನಕ್ಕರು. ಅಲ್ಲಿಂದ ಪಕ್ಕದ ಬೀದಿಗೆ ಒಂದು, ನದಿಯಾಚೆ ಒಂದು, ಚಾಂಗ್ವೊನಿನ ಕಾರ್ಖಾನೆಗಳ ಎದುರಿಗೆ ಒಂದು. ಈಗ ಮಾಸಾನ್, ಮುಂದೆ ಗಿಮ್ಹೆ. ಕಚೇರಿಯ ಗೋಡೆಗೆ ನಕ್ಷೆ ತೂಗುಹಾಕಿ, ಅಂಗಡಿ ಇರುವ ಊರಿಗೆಲ್ಲ ಒಂದೊಂದು ಹಸಿರು ಮರದ ಚೀಟಿ ಅಂಟಿಸಿದ್ದಾರೆ.

ಇದರೊಂದಿಗೆ ಹ್ಯಾಂಡ್‌ಬಿಲ್ಲು ಇಟ್ಟಿದ್ದೇನೆ. ಮೇಲೆ ನನ್ನದೇ ಫೋಟೋ. "ಮಿರುವಿನ ಕೊಸರಜ್ಜಿ" ಎಂದು ಅಚ್ಚು ಹಾಕಿಸಿದ್ದಾರೆ. ಮಾಸಾನಿನ ಬೀದಿಯಲ್ಲಿ ಮಕ್ಕಳೂ ನನ್ನನ್ನು ಗುರುತು ಹಿಡಿಯುತ್ತಾರೆ. ನಗಬೇಡ, ನಾನು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ ಇನ್ನೂ ಹೊಳೆದಿಲ್ಲ.

ಮಲ್ಸುನ್


ಗಿಮ್ಹೆ
ಮಾರ್ಚ್ ೧೯, ೧೯೯೫

ಅಕ್ಕ,

ಹೋದ ಸಲದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ಸರಿ.

ಮೊನ್ನೆ ಒಬ್ಬ ಹೆಂಗಸು ಚೀಲ ಕೆಳಗಿಟ್ಟು ಮಗುವಿನ ಬೂಟಿನ ದಾರ ಕಟ್ಟುತ್ತಿದ್ದಳು. ನಾನು ಚೀಲದಲ್ಲಿದ್ದ ಮೊಳಕೆ ಪ್ಯಾಕೆಟ್ಟು ಎತ್ತಿ, ಜಜ್ಜಿಹೋಗದಂತೆ ಮೇಲಿಟ್ಟುಕೊಳ್ಳಲಿ ಎಂದು ಕೊಟ್ಟೆ. ಕೈಗೆ ಹಗುರವೆನಿಸಿತು. ಒಳಗೆ ಹೋಗಿ ಇನ್ನೊಂದು ಎತ್ತಿದೆ, ಮತ್ತೊಂದು ಎತ್ತಿದೆ. ಎಲ್ಲವೂ ಹಾಗೇ. ಕೊರತೆ ಬೀಳುವುದು ಸುಮಾರು ಒಂದು ಹಿಡಿ. ನನ್ನ ಹಿಡಿ, ಅಕ್ಕ.

ಮ್ಯಾನೇಜರನ್ನು ಕೇಳಿದೆ. ಒಳ್ಳೆಯ ಹುಡುಗನೇ, ಮುಚ್ಚಿಡಲಿಲ್ಲ.

"ಪ್ಯಾಕೆಟ್ಟಲ್ಲಿ ಕಮ್ಮಿ, ಬಾಗಿಲಲ್ಲಿ ಜಾಸ್ತಿ. ಮನೆಗೆ ಹೋಗೋ ಹೊತ್ಗೆ ಲೆಕ್ಕ ಸರಿಯಾಯ್ತಲ್ಲ ಅಜ್ಜಿ, ಯಾರಿಗೇನು ನಷ್ಟ?"

"ಅವ್ರು ನಂಗೆ ಕೈ ಮುಗೀತಾರಪ್ಪ. ಪುಣ್ಯಾತ್ಗಿತ್ತಿ ಅಂತಾರೆ."

"ಅನ್ಲಿ ಬಿಡಿ. ಅನ್ನಿಸ್ಕೊಳ್ಳೋಕೇ ತಾನೇ ನಿಮ್ಮನ್ನ ಕೂರ್ಸಿರೋದು."

ಅವರದ್ದನ್ನೇ ಕಿತ್ತಿಟ್ಟುಕೊಂಡು ಅವರಿಗೇ ವಾಪಸು ಕೊಡುತ್ತಿದ್ದೇನೆ, ನಗುತ್ತಾ ಕೊಡುತ್ತಿದ್ದೇನೆ. ಬಾಗಿಲಲ್ಲಿ ನಿಲ್ಲದೆ ಅವಸರದಲ್ಲಿ ಹೋದವರಿಗೆ ಅದೂ ಇಲ್ಲ. ನೀನು ಮೊದಲೇ ಕೇಳಿದ್ದೆ ಯಾರ ಕೊಸರು ಎಂದು. ನಾನು ಊರಿಗೆ ಬಂದುಬಿಡುತ್ತೇನೆ.

ಮಲ್ಸುನ್


ಸಮ್‌ಚೊನ್‌ಪೊ
ಮಾರ್ಚ್ ೨೪, ೧೯೯೫

ಮಲ್ಸುನ್,

ಬಾ. ಬಾನಿ ಎತ್ತಿ, ಜಾಗ ತೊಳೆದು ಇಟ್ಟಿದ್ದೇನೆ. ಒಣಮೀನಿನವಳೂ ನೀರು ಹಾಕಿದಳು.

ಅವನ ಕುರ್ಚಿ ಅವನಿಗೇ ಇರಲಿ. ನಿನಗೆ ಬೇಕೆಂದರೆ ಕುರ್ಚಿ ನಾನು ತರಿಸಿಕೊಡುತ್ತೇನೆ, ಮಾರುಕಟ್ಟೆಯವರೆಲ್ಲ ನೋಡಿ ನಗಲಿ.

ಓಕ್‌ಬುನ್


ಜಿಂಜು
ಮೇ ೨, ೧೯೯೫

ಅಕ್ಕನಿಗೆ,

ನೀನು ಬಸ್ ನಿಲ್ದಾಣಕ್ಕೆ ಬಂದು ಕಾದೆಯೆಂದು ಕೇಳಿದೆ. ನಾನು ಹೊರಟದ್ದು ನಿಜ. ಗಂಟು ಕಟ್ಟಿಕೊಂಡು, ಹೇಳಿ ಹೋಗೋಣವೆಂದು ಯಜಮಾನರ ಕಚೇರಿಗೆ ಹೋದೆ. ಅದೇ ತಪ್ಪಾಯಿತೋ ಏನೋ, ಪೂರ್ತಿ ಓದಿ ನೀನೇ ಹೇಳು.

ಅವರ ಹಿಂದೆ ಆ ನಕ್ಷೆ ಇತ್ತು. ಸಮ್‌ಚೊನ್‌ಪೊ ಮೇಲೆ ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ಹಸಿರು ಚೀಟಿ ಇನ್ನೂ ಅಂಟಿಸಿರಲಿಲ್ಲ.

"ಇದೇನು ಯಜಮಾನ್ರೇ?" ಎಂದೆ.

"ಮುಂದಿನ ವರ್ಷದ್ದು. ನಿಮ್ಮೂರೇ ಅಲ್ವಾ? ಅಲ್ಲಿ ನೀವಿದ್ರೆ ಕೇಳೋದೇ ಬೇಡ, ಊರೇ ಬರುತ್ತೆ."

ನನಗೆ ನಿನ್ನ ತೋಫು ಹಲಗೆ ಕಣ್ಣಿಗೆ ಬಂತು. ಮಾಸಾನಿನಲ್ಲಿ ನಾವು ಅಂಗಡಿ ತೆರೆದ ಮೇಲೆ ಹಿಂದಿನ ಬೀದಿಯ ಸಂತೆ ಏನಾಯಿತೆಂದು ನಿನಗೆ ನಾನು ಬರೆದಿರಲಿಲ್ಲ. ಬರೆಯುವಂತಿರಲಿಲ್ಲ, ಅಕ್ಕ. ನಾನು ಅಲ್ಲೇ ಕುರ್ಚಿ ಹಿಡಿದು ನಿಂತು ಹೇಳಿದೆ, "ನಮ್ಮೂರಿಗೆ ಬರ್ಬೇಡಿ. ಬರಲ್ಲ ಅಂದ್ರೆ ನಾನು ಇರ್ತೀನಿ, ಎಲ್ಲಿ ಹೇಳಿದ್ರೆ ಅಲ್ಲಿ ಕೂರ್ತೀನಿ. ತೂಕದ ಮಾತು ಯಾರ ಹತ್ರನೂ ಎತ್ತಲ್ಲ."

ಅವರು ರಬ್ಬರು ತೆಗೆದುಕೊಂಡು, ಎದ್ದು, ಆ ಸುತ್ತನ್ನು ಅವರ ಕೈಯಿಂದಲೇ ಅಳಿಸಿದರು. "ನೀವು ನಮ್ಮ ಬಾಗ್ಲಲ್ಲಿ ಇರೋವರ್ಗೂ ನಾವು ಅಲ್ಲಿಗೆ ಬರಲ್ಲ. ಇದು ನನ್ನ ಮಾತು" ಎಂದರು.

ಹಾಗಾಗಿ ಇದ್ದೇನೆ. ಅರ್ಧ ನಿಮಗೋಸ್ಕರ. ಇನ್ನರ್ಧ, ಸುಳ್ಳು ಯಾಕೆ ಹೇಳಲಿ, ನನಗೂ ಆ ಬಾಗಿಲು ಬಿಟ್ಟು ಬರಲು ಮನಸ್ಸಿರಲಿಲ್ಲ. ನನ್ನ ಜಾಗ ಬೇಕಾದರೆ ಒಣಮೀನಿನವಳಿಗೆ ಕೊಡು.

ಮಲ್ಸುನ್


ಸಮ್‌ಚೊನ್‌ಪೊ
ಜುಲೈ ೧೪, ೧೯೯೬

ಮಲ್ಸುನ್‌ಗೆ,

ವರ್ಷದ ಮೇಲಾಯಿತು ಬರೆದು. ನಿಲ್ದಾಣದಲ್ಲಿ ಕಾದ ಸಿಟ್ಟು ಇಳಿಯಲು ಇಷ್ಟು ದಿನ ಬೇಕಾಯಿತು. ಜಾಗ ಯಾರಿಗೂ ಕೊಟ್ಟಿಲ್ಲ. ಬಾನಿ ಮತ್ತೆ ಬೋರಲು ಬಿದ್ದಿದೆ.

ಈಗ ಬರೆಯುವುದಕ್ಕೆ ಕಾರಣವಿದೆ. ಬಸ್ ನಿಲ್ದಾಣದ ಹಿಂದಿನ ಖಾಲಿ ಜಾಗದಲ್ಲಿ ಗೂಟ ಹೊಡೆದಿದ್ದಾರೆ. ಇಲ್ಲಿ ಗೋದಾಮು ಬರುತ್ತದೆ, ಆಕ್ಷೇಪಣೆ ಇದ್ದವರು ತಿಂಗಳೊಳಗೆ ಹೇಳಿ ಎಂದು ನಗರಸಭೆಯವರು ನೋಟೀಸು ಅಂಟಿಸಿದರು. ಅದು ಗೋದಾಮಲ್ಲ, ಮಿರು ಬರುತ್ತಿದೆ ಎಂದು ಯಾರೋ ಸುದ್ದಿ ಹಬ್ಬಿಸಿದರು. ಮಾರುಕಟ್ಟೆಯೇ ಎದ್ದು ನಿಂತಿತು. ಮೀನಿನವರು, ಸೊಪ್ಪಿನವರು, ಎಲ್ಲರೂ ನಗರಸಭೆಯ ಮೆಟ್ಟಿಲ ಮೇಲೆ ಹೋಗಿ ಕೂರುವುದೆಂದು ಹೊರಟರು. ಒಣಮೀನಿನವಳು ಅನ್ನದ ಡಬ್ಬಿ ಸಮೇತ ತಯಾರಾಗಿದ್ದಳು.

ನಾನು ತೋಫು ಪೆಟ್ಟಿಗೆಯ ಮೇಲೆ ಹತ್ತಿ ನಿಂತೆ. ನನ್ನ ವಯಸ್ಸಿಗೆ ಅದೆಲ್ಲ ಬೇಕಿತ್ತಾ? ಹತ್ತಿದೆ. "ಮಿರು ಬರಲ್ಲ. ಮಲ್ಸುನ್ ಮಾತು ತಗೊಂಡವ್ಳೆ. ಅವ್ರ ಯಜಮಾನ ಅವಳ ಕಣ್ಣೆದುರಿಗೇ ನಮ್ಮೂರನ್ನ ಅಳಿಸವ್ನೆ" ಎಂದೆ.

"ಮಲ್ಸುನ್ ಹೇಳಿದ್ಲಾ?" ಎಂದಳು ಗು ಅಜ್ಜಿ.

"ಹೇಳಿದ್ಲು. ಬರೆದವ್ಳೆ."

"ಹಂಗಾದ್ರೆ ಬಿಡ್ರಮ್ಮ. ಆ ಹುಡ್ಗಿ ಕೈ ಯಾವತ್ತೂ ಕಮ್ಮಿ ಹಾಕಿದ್ದಲ್ಲ."

ಎಲ್ಲರೂ ಅವರವರ ಜಾಗಕ್ಕೆ ಹೋಗಿ ಕೂತರು. ನಿನ್ನ ಗಿಮ್ಹೆಯ ಕಾಗದದ ಮಾತು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ತಿಂಗಳು ಕಳೆಯಿತು, ಯಾರೂ ಆಕ್ಷೇಪಣೆ ಕೊಡಲಿಲ್ಲ.

ನಾನು ನಿನ್ನ ಮಾತಿನ ಮೇಲೆ ನಿಂತಿದ್ದೇನೆ, ಮಲ್ಸುನ್. ಅದು ಗೋದಾಮೇ ತಾನೇ? ಕೇಳಿ ಬರೆ.

ಓಕ್‌ಬುನ್


ಗೊಜೆ ದ್ವೀಪ
ಫೆಬ್ರವರಿ ೨೩, ೧೯೯೭

ಅಕ್ಕನಿಗೆ,

ಚಾಂದ್ರಮಾನ ಹೊಸ ವರ್ಷಕ್ಕೆ ನಿನಗೆ ಒಳ್ಳೆಯದಾಗಲಿ. ಯಜಮಾನರನ್ನು ಹೋದ ವರ್ಷವೇ ಕೇಳಿದೆನೆಂದು ಒಂದು ಸಾಲು ಬರೆದಿದ್ದೆನಲ್ಲ, ಈಗಲೂ ಅದನ್ನೇ ಹೇಳುತ್ತಾರೆ. ಗೋದಾಮು, ಬರೀ ಗೋದಾಮು. ಸುತ್ತಲ ಊರುಗಳ ಮಿರು ಅಂಗಡಿಗಳಿಗೆ ಸಾಮಾನು ಇಳಿಸಿಕೊಳ್ಳಲು. ಧೈರ್ಯವಾಗಿರು.

ಇಲ್ಲಿ ಒಂದು ತಮಾಷೆ ನಡೆದಿದೆ. ತೊಂಗ್ಯೊಂಗ್, ಮಿರ್ಯಾಂಗ್, ಇಲ್ಲಿ ಹಡಗು ಕಟ್ಟುವವರ ಬಡಾವಣೆಯಲ್ಲಿ ಎರಡು, ಹೀಗೆ ಒಂದೇ ಸಮನೆ ಅಂಗಡಿ ಏಳುತ್ತಿವೆ. ನಾನೊಬ್ಬಳು ಎಷ್ಟು ಬಾಗಿಲಲ್ಲಿ ಕೂರಲಿ? ಅದಕ್ಕೇ ನನ್ನನ್ನು ಬೂಸಾನಿಗೆ ಕರೆದೊಯ್ದು, ಕಿಟಕಿಯೇ ಇಲ್ಲದ ಕೋಣೆಯಲ್ಲಿ ಕೂರಿಸಿ ನನ್ನ ಧ್ವನಿ ಟೇಪು ಮಾಡಿಕೊಂಡರು. "ನಗ್ತಾ ಹೇಳಿ ಅಜ್ಜಿ" ಎಂದು ಒಬ್ಬ, "ನಕ್ಕಿದ್ದು ಜಾಸ್ತಿಯಾಯ್ತು" ಎಂದು ಇನ್ನೊಬ್ಬ. ಹಲಗೆಯಲ್ಲಿ ನನ್ನಷ್ಟೇ ಎತ್ತರಕ್ಕೆ ಚಿತ್ರ ಕತ್ತರಿಸಿ, ಹಿಂದೆ ಪೆಟ್ಟಿಗೆ ಸಿಕ್ಕಿಸಿದ್ದಾರೆ. ಹತ್ತಿರ ಯಾರಾದರೂ ಬಂದರೆ ಸಾಕು, ತಾನಾಗಿ ಮಾತಾಡುತ್ತದೆ: "ಬಾರವ್ವ, ಇನ್ನೊಂದ್ ಹಿಡಿ ತಗೊಂಡ್ ಹೋಗು, ಮನೇಲಿ ಬಾಯಿ ಜಾಸ್ತಿ ಇರ್ತವೆ." ಕೆಳಗೆ ಮೊಳಕೆಯ ಸಣ್ಣ ಪೊಟ್ಟಣಗಳು, ಬಂದವರು ಒಂದೊಂದು ಎತ್ತಿಕೊಳ್ಳುವುದು.

ಮೊದಲ ದಿನ ನಾನೇ ಅದರ ಮುಂದೆ ಹಾದೆ. ನನಗೇ ಬಾರವ್ವ ಎಂದಿತು. ನಾನು ನಕ್ಕು ನಕ್ಕು ಸಾಕಾಯಿತು. ಆಮೇಲೆ ಒಂದು ಪೊಟ್ಟಣ ಎತ್ತಿಕೊಂಡೆ, ಯಾಕೆಂದು ಗೊತ್ತಿಲ್ಲ.

ಮಲ್ಸುನ್


ಜಿಂಜು
ಏಪ್ರಿಲ್ ೨೬, ೧೯೯೮

ಅಕ್ಕ,

ಇದನ್ನು ಓದಿದ ಕೂಡಲೇ ನಗರಸಭೆಗೆ ಹೋಗಿ. ಎಲ್ಲರೂ ಹೋಗಿ.

ಯಜಮಾನರು ಇಲ್ಲ. ಸತ್ತಿಲ್ಲ, ಎಲ್ಲಿಗೋ ಹೋಗಿಬಿಟ್ಟಿದ್ದಾರೆ. ಚಳಿಗಾಲದಲ್ಲಿ ದೇಶದ ದುಡ್ಡೆಲ್ಲ ಕುಸಿದು ಬಿದ್ದಾಗ ಸಾಲದ ಮೇಲೆ ಕಟ್ಟಿದ ಅಂಗಡಿಗಳೆಲ್ಲ ಒಟ್ಟಿಗೆ ಅವರ ಮೇಲೆ ಬಿದ್ದವು. ಬ್ಯಾಂಕಿನವರು ಬಂದು ಅಕ್ಕಿಮೂಟೆಯ ಮೇಲೂ ಚೀಟಿ ಅಂಟಿಸಿ ಹೋದರು. ಮಿರುವನ್ನು ಸಿಯೋಲ್ ನಗರದ ಒಂದು ಕಂಪನಿ ಕೊಂಡಿದೆ. ಹೆಸರು ಹಾಗೇ ಇದೆ, ಹಸಿರು ಮರವೂ ಇದೆ, ಒಳಗಿನವರು ಮಾತ್ರ ಬೇರೆ.

ಮೊನ್ನೆ ಹೊಸಬರು ನನ್ನನ್ನು ಕರೆದರು. ಅವರಲ್ಲೊಬ್ಬ, ಮಗನ ವಯಸ್ಸಿನವನು. ತುಂಬ ಮರ್ಯಾದೆಯಿಂದ, ಎರಡೂ ಕೈಯಲ್ಲಿ ಟೀ ಕೊಟ್ಟ.

"ನಿಮ್ಮ ಹಲಗೆ ಚೆನ್ನಾಗಿ ಕೆಲಸ ಮಾಡ್ತಿದೆ ಅಜ್ಜಿ. ಊಟ ಕೇಳಲ್ಲ, ರಜ ಕೇಳಲ್ಲ. ನೀವಿನ್ನು ಆರಾಮಾಗಿ ಮನೇಲಿರಬಹುದು."

"ನಾನು ಬಾಗ್ಲಲ್ಲಿ ಇರೋವರ್ಗೂ ನಮ್ಮೂರಿಗೆ ಬರಲ್ಲ ಅಂತ ಮಾತಿದೆ" ಎಂದೆ.

"ಯಾವ ಮಾತು? ಯಾರು ಕೊಟ್ಟಿದ್ದು?" ಎಂದು ಕಾಗದಗಳನ್ನೆಲ್ಲ ತಿರುವಿದ. ನಿಜವಾಗಿಯೂ ಹುಡುಕಿದ, ಪಾಪ. "ಸಮ್‌ಚೊನ್‌ಪೊ ಅಲ್ವಾ, ಅಲ್ಲಿ ಕಟ್ಟಡಕ್ಕೆ ಪರವಾನಗಿ ಆಗ್ಲೇ ಇದೆ. ಆಕ್ಷೇಪಣೆ ಒಂದೂ ಬಂದಿಲ್ಲ ಅಂತಿದೆ. ಇಂಥ ಊರು ಸಿಗೋದು ಅಪರೂಪ." ಆಮೇಲೆ ನನ್ನ ಮುಖ ನೋಡಿ, "ಹಾಗ್ ನೋಡಿದ್ರೆ ನೀವು ಬಾಗ್ಲಲ್ಲಿ ಇದ್ದೇ ಇರ್ತೀರಲ್ಲ" ಎಂದ. ಗೇಲಿ ಮಾಡಿದ್ದಲ್ಲ, ಸಮಾಧಾನಕ್ಕೆ ಹೇಳಿದ.

ಪ್ಯೊ ಅವರಿಗೆ ಆ ಗೋದಾಮು ಏನೆಂದು ಮೊದಲಿನಿಂದಲೂ ಗೊತ್ತಿತ್ತೋ ಇಲ್ಲವೋ, ಕೇಳಲು ಅವರೇ ಇಲ್ಲ. ನನಗೆ ಮಾತು ಕೊಟ್ಟವರೂ ಇಲ್ಲ, ಮಾತೂ ಇಲ್ಲ. ನಿನಗೆ ಕೊಟ್ಟವಳು ನಾನು ಮಾತ್ರ ಇದ್ದೇನೆ.

ತಡ ಮಾಡಬೇಡಿ.

ಮಲ್ಸುನ್


ಸಮ್‌ಚೊನ್‌ಪೊ
ನವೆಂಬರ್ ೮, ೧೯೯೮

ಮಲ್ಸುನ್‌ಗೆ,

ಹೋದೆವು. ಆಕ್ಷೇಪಣೆಯ ಕಾಲ ಎಂದೋ ಮುಗಿದಿದೆ ಎಂದರು. ಆಗ ಯಾಕೆ ಬರಲಿಲ್ಲ ಎಂದು ಗುಮಾಸ್ತ ಕೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು.

ಹೋದ ತಿಂಗಳು ಅಂಗಡಿ ತೆರೆದರು. ಮೊದಲ ವಾರ ತೋಫುವನ್ನು ಪುಕ್ಕಟೆ ಅನ್ನುವ ಬೆಲೆಗೆ ಮಾರಿದರು. ನಾನು ಆ ವಾರ ಮಾಡಿದ ತೋಫುವನ್ನೆಲ್ಲ ನಾನೇ ತಿಂದೆ, ಉಳಿದದ್ದನ್ನು ಒಣಮೀನಿನವಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಈಗ ಅವಳು ನನ್ನ ಜೊತೆ ಮಾತಾಡುವುದಿಲ್ಲ. ಬೆಳಿಗ್ಗೆ ಅವಳ ಜಾಗ ತೊಳೆದ ನೀರನ್ನು ನನ್ನ ಕಡೆಗೇ ತಳ್ಳುತ್ತಾಳೆ.

ಗು ಅಜ್ಜಿಯ ವಿಷಯ ಹೇಳಬಾರದೆಂದಿದ್ದೆ, ಹೇಳುತ್ತೇನೆ. ಅವಳಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ಸೊಸೆ ಕೈ ಹಿಡಿದು ಮಿರುವಿಗೆ ಕರೆದುಕೊಂಡು ಹೋದಳಂತೆ. ಬಾಗಿಲಲ್ಲಿ ನಿನ್ನ ದನಿ ಕೇಳಿ ಅಜ್ಜಿ ನಿಂತುಬಿಟ್ಟಳು.

"ಮಲ್ಸುನ್, ಯಾವಾಗ್ ಬಂದ್ಯೇ?" ಎಂದಳಂತೆ.

ಇನ್ನೊಂದು ಹಿಡಿ ತಗೊಂಡು ಹೋಗು ಎಂದೆ ನೀನು.

"ಅದಿರ್ಲಿ ಕಣೆ. ಮೈಯಲ್ಲಿ ಹುಷಾರಾಗಿದ್ದೀಯಾ? ಓಕ್‌ಬುನ್ ನಿನ್ನ ಜಾಗ ಕಾಯ್ಕೊಂಡೇ ಕೂತವ್ಳೆ, ನೋಡಿದ್ಯಾ ಅವಳನ್ನ?"

ಮನೆಯಲ್ಲಿ ಬಾಯಿ ಜಾಸ್ತಿ ಇರುತ್ತವೆ ಎಂದೆ.

ಸೊಸೆ ನಾಚಿಕೊಂಡು ಎಳೆದುಕೊಂಡು ಹೋದಳು. ಅಜ್ಜಿ ಮಾರುಕಟ್ಟೆಗೆ ಬಂದು ಎಲ್ಲರಿಗೂ ಹೇಳಿದಳು: "ಮಲ್ಸುನ್ ಬಂದವ್ಳೆ. ಆದ್ರೆ ಅವಳು ಮೊದಲ್ನಂಗಿಲ್ಲ. ನಾವ್ ಕೇಳಿದ್ದಕ್ಕೆ ಉತ್ತರ ಕೊಡಲ್ಲ." ಹಲಗೆಯದು ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. "ನಂಗೆ ಕಣ್ಣಿಲ್ಲ, ಕಿವಿ ಇಲ್ವಾ" ಎಂದು ನನ್ನನ್ನೇ ಬೈದಳು.

ಓಕ್‌ಬುನ್


ಜಿಂಜು
ಜನವರಿ ೧೭, ೧೯೯೯

ಅಕ್ಕ,

ನಾನೀಗ ಒಂದು ಸಾರ್ವಜನಿಕ ಸ್ನಾನದ ಮನೆಯಲ್ಲಿ ಟವೆಲು ಒಗೆಯುವ ಕೆಲಸದಲ್ಲಿದ್ದೇನೆ. ಇಲ್ಲಿ ನನ್ನನ್ನು ಯಾರೂ ಗುರುತು ಹಿಡಿಯುವುದಿಲ್ಲ. ರಸ್ತೆಯ ಆಚೆ ಮಿರು ಇದೆ. ಬಾಗಿಲು ತೆರೆದಾಗಲೆಲ್ಲ ನನ್ನ ದನಿ ಇಲ್ಲಿಯವರೆಗೆ ಬರುತ್ತದೆ. ಒಂದು ದಿನ ಒಳಗೆ ಹೋಗಿ, ಇದನ್ನು ನಿಲ್ಲಿಸಿ, ಇದು ನನ್ನದು ಎಂದೆ. ಆ ಹುಡುಗಿಗೆ ನಾನು ಯಾರೆಂದು ತಿಳಿಯಲಿಲ್ಲ. ಹಲಗೆಯನ್ನು ನೋಡಿ, ನನ್ನನ್ನು ನೋಡಿ, "ಆ ಅಜ್ಜಿ ನಿಮ್ಗಿಂತ ಗುಂಡಗಿದಾರೆ" ಎಂದಳು.

ನಿನ್ನ ಹತ್ತಿರ ಬೇಡಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾನು ಊರಿಗೆ ಬರಬೇಕು. ಬಂದು ಮಾರುಕಟ್ಟೆಯ ನಡುವೆ ನಿಂತು, ತಪ್ಪು ಓಕ್‌ಬುನ್‌ಳದಲ್ಲ, ನನ್ನದು ಎಂದು ಒಬ್ಬೊಬ್ಬರಿಗೂ ಹೇಳುತ್ತೇನೆ. ಒಣಮೀನಿನವಳ ಕಾಲು ಹಿಡಿಯುತ್ತೇನೆ. ಮನೆಯಲ್ಲಿ ಮೊಳಕೆ ಬೆಳೆಸುತ್ತೇನೆ. ಕೊಳ್ಳುವವರು ಬರದಿದ್ದರೂ ಪರವಾಗಿಲ್ಲ, ನಿನ್ನ ಪಕ್ಕದಲ್ಲಿ ಕೂತಿದ್ದರೆ ಸಾಕು. ಗು ಅಜ್ಜಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ.

ಒಂದು ಮಾತು ಬರೆ, ಅಕ್ಕ. ಬಾ ಎಂದು ಬರೆ. ಈ ಸಲ ನೀನು ನಿಲ್ದಾಣದಲ್ಲಿ ಕಾಯಬೇಕಾಗಿಲ್ಲ.

ಮಲ್ಸುನ್


ಸಮ್‌ಚೊನ್‌ಪೊ
ಮಾರ್ಚ್ ೩೦, ೧೯೯೯

ಮಲ್ಸುನ್‌ಗೆ,

ನಿನ್ನನ್ನು ಕ್ಷಮಿಸಿದ್ದೇನೆಂದು ಬರೆಯಲು ಮೂರು ನಾಲ್ಕು ಸಲ ಕೂತೆ. ಆಗಲಿಲ್ಲ. ನಿನ್ನ ಮೇಲೆ ಪ್ರೀತಿ ಹೋಗಿಲ್ಲ, ಸಿಟ್ಟೂ ಹೋಗಿಲ್ಲ. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಊಟ ಸೇರುವುದಿಲ್ಲ.

ಗು ಅಜ್ಜಿ ಫೆಬ್ರವರಿಯಲ್ಲಿ ತೀರಿಕೊಂಡಳು. ನೀನು ಉತ್ತರ ಕೊಡಬೇಕಾದವಳು ಇಲ್ಲ. ಒಣಮೀನಿನವಳು ಮಗಳ ಮನೆಗೆ ಹೋದಳು, ಹೋಗುವಾಗ ನನಗೆ ಹೇಳಿ ಹೋಗಲಿಲ್ಲ. ಈ ತಿಂಗಳ ಮೊದಲಲ್ಲಿ ನಗರಸಭೆಯವರು ಬಂದು ತಾಡಪಾಲುಗಳನ್ನು ಬಿಚ್ಚಿದರು. ಕೂರುವವರೇ ಇಲ್ಲದ ಮೇಲೆ ಮಾರುಕಟ್ಟೆ ಯಾಕೆ ಎಂದರು. ನಾನು, ಸೊಪ್ಪಿನವರು ಇಬ್ಬರು, ಅಷ್ಟೇ ಉಳಿದಿದ್ದೆವು. ಬಾನಿಯನ್ನು ನಾನಾಗಿ ಎತ್ತಿಕೊಡಲಿಲ್ಲ. ಅವರೇ ಎತ್ತಿ ಲಾರಿಗೆ ಹಾಕಿದರು. ಈಗ ಅಲ್ಲಿ ಸಿಮೆಂಟು ಹಾಕಿ ಬಿಳಿ ಗೆರೆ ಎಳೆದಿದ್ದಾರೆ. ಮಿರುವಿಗೆ ಬರುವವರು ಕಾರು ನಿಲ್ಲಿಸುತ್ತಾರೆ.

ಸೋಯಾ ಕಾಳು ನೆನೆಸುವುದನ್ನು ಬಿಟ್ಟಿದ್ದೇನೆ. ಮನೆಯಲ್ಲಿ ಒಬ್ಬಳಿಗೆ ಎಷ್ಟು ತೋಫು ಬೇಕು? ಮೊನ್ನೆ ಬೇಕೆನಿಸಿತು. ಬೇರೆ ಕಡೆ ಸಿಗುವುದಿಲ್ಲ, ಮಿರುವಿಗೇ ಹೋದೆ. ಮೊದಲ ಸಲ ಹೋದದ್ದು. ಬಾಗಿಲಲ್ಲಿ ನೀನು ನಿಂತಿದ್ದೆ. ಕೆಂಪು ಏಪ್ರನ್ ಕಟ್ಟಿ, ಹಲ್ಲು ಬಿಟ್ಟು. ನನ್ನನ್ನು ಬಾರವ್ವ ಎಂದೆ. ಇಷ್ಟು ವರ್ಷದಲ್ಲಿ ನೀನು ನನ್ನನ್ನು ಅಕ್ಕ ಎನ್ನದೆ ಮಾತಾಡಿಸಿದ್ದು ಅದೇ ಮೊದಲು.

ನಾನು ಅಲ್ಲಿಂದ ಕದಲಲಿಲ್ಲ. ನಾನು ಅಲುಗಿದಾಗಲೆಲ್ಲ ನೀನು ಮಾತಾಡಿದೆ. ಬಾಯಿಗೆ ಬಂದ ಹಾಗೆ ಬೈದೆ ನಿನ್ನನ್ನು. ಅಂಗಡಿಯ ಹುಡುಗ ಬಂದು "ಏನಾಯ್ತಜ್ಜಿ?" ಎಂದ. ಏನಿಲ್ಲ ಎಂದೆ. ನಾನು ಅಳುತ್ತಿದ್ದೆ, ಜನ ನೋಡುತ್ತಿದ್ದರು. ಪೊಟ್ಟಣ ತೆಗೆದುಕೊಳ್ಳದೆ ಬಂದೆ.

ಊರಿಗೆ ಬರುತ್ತೇನೆ, ನನ್ನ ಪಕ್ಕದಲ್ಲಿ ಕೂರುತ್ತೇನೆ ಎಂದು ಬರೆದಿದ್ದೀಯ. ಎಲ್ಲಿ ಕೂರುತ್ತೀಯ? ನಾನೇ ಎಲ್ಲೂ ಕೂತಿಲ್ಲ. ತಪ್ಪು ನನ್ನದು ಎಂದು ಯಾರಿಗೆ ಹೇಳುತ್ತೀಯ? ಕೇಳುವವರು ಯಾರೂ ಉಳಿದಿಲ್ಲ. ಇರುವವರೆಲ್ಲ ಮಿರುವಿಗೆ ಹೋಗಿ ಬರುವವರು, ಅವರು ದಿನಾ ನಿನ್ನನ್ನು ನೋಡುತ್ತಾರೆ. ಮಲ್ಸುನ್ ಊರಿಗೆ ಬಂದು ಆಗಲೇ ಆರು ತಿಂಗಳಾಯಿತು, ಬಾಗಿಲಲ್ಲೇ ಇದ್ದಾಳೆ ಎನ್ನುತ್ತಾರೆ.

ನೀನು ಬರಬೇಡ.

ಓಕ್‌ಬುನ್